ವೇಪ್ ತೊಳೆಯುವ ಕೆಲಸ ನಿಮ್ಮದಲ್ಲ

ಪ್ರಶ್ನೆ: ಮೇಡಂ, ನಾವು ಮ್ಯಾಂಚೆಸ್ಟರಿನಲ್ಲಿದ್ದೇವೆ, ಊರು ಶಿವಮೊಗ್ಗದ ಕಡೆ. ನಮ್ಮ ಯಜಮಾನರು ಕಾಲೇಜಿನಿಂದಲೂ ಸಿಗರೇಟ್ ಸೇದುತ್ತಿದ್ದವರು. ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ವೇಪ್ ಹಿಡಿದರು. ಒಮ್ಮೆ ಬಳಸಿ ಎಸೆಯುವ ವೇಪ್ ಇಲ್ಲಿ ನಿಂತ ಮೇಲೆ ಲಿಕ್ವಿಡ್ ತುಂಬಿಸುವ ಮಾದರಿ ತಂದಿದ್ದಾರೆ. ಅದು ಸೋರುತ್ತದೆ, ಇಟ್ಟಲ್ಲೆಲ್ಲ ಅಂಟು. ಅವರು ತೊಳೆಯುವುದೇ ಇಲ್ಲ. ನೋಡಲಾಗದೆ ನಾನೇ ಅಡುಗೆಮನೆ ಸಿಂಕಿನಲ್ಲಿ ತೊಳೆದಿಡುತ್ತೇನೆ. ಎರಡೂವರೆ ವರ್ಷದ ಮಗಳಿದ್ದಾಳೆ, ನನಗೀಗ ಐದು ತಿಂಗಳು. ಬಾಣಂತನಕ್ಕೆ ಅಮ್ಮ ಬರುತ್ತಾರೆ, ಅವರ ಕಣ್ಣಿಗೆ ಬೀಳದ ಹಾಗೆ ಅದನ್ನು ಎಲ್ಲಿಡುವುದೋ ಗೊತ್ತಾಗುತ್ತಿಲ್ಲ. ಜೋರು ಮಾಡಿದರೆ ಮತ್ತೆ ಸಿಗರೇಟಿಗೆ ಹೋದಾರು ಎಂಬ ಭಯ. ಸರಿಯಾಗಿ ತೊಳೆಯುವುದು ಹೇಗೆ, ತಿಳಿಸಿ.
— ಹೆಸರು ಬೇಡ

ಉತ್ತರ: ಮೊದಲು ಒಂದು ಮಾತು ತಂಗಿ. ಇವತ್ತಿನಿಂದ ನೀವು ಅದನ್ನು ಮುಟ್ಟಬೇಡಿ. ಆ ಲಿಕ್ವಿಡ್‌ನಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು, ಶ್ವಾಸಕೋಶ ಬೆಳೆಯುವ ಹೊತ್ತಿನಲ್ಲಿ ಅದು ಬೇಡವೇ ಬೇಡ. ಇಷ್ಟು ದಿನ ತೊಳೆದಿರಲ್ಲ ಎಂದು ಗಾಬರಿಯಾಗಬೇಡಿ. ಕೈಗೆ ತಾಗಿದ ಹನಿಗಳನ್ನು ನೀರಿನಲ್ಲಿ ತೊಳೆದುಕೊಂಡಿದ್ದರೆ ಒಳಗೆ ಹೋಗಿರುವುದು ಅತಿ ಕಡಿಮೆ. ಆದರೂ ಮುಂದಿನ ಭೇಟಿಯಲ್ಲಿ ನಿಮ್ಮ ಮಿಡ್‌ವೈಫ್‌ಗೆ ಹೇಳಿ. ಮನೆಯಲ್ಲಿ ಯಾರಾದರೂ ಸೇದುತ್ತಾರಾ ಎಂದು ಅಲ್ಲಿ ಎಲ್ಲರನ್ನೂ ಕೇಳುತ್ತಾರೆ, ಸಂಕೋಚಪಡುವಂಥದ್ದೇನಿಲ್ಲ.

ತೊಳೆಯುವ ಕ್ರಮ ಕೇಳಿದ್ದೀರಿ. ಬರೆಯುತ್ತೇನೆ, ಆದರೆ ಅದು ನಿಮ್ಮ ಯಜಮಾನರಿಗೆ. ಈ ಪುಟವನ್ನು ಅವರ ಕೈಗೇ ಕೊಡಿ.

ವೇಪ್‌ನ ಕೆಳಗಿನ ಭಾಗ ಬ್ಯಾಟರಿ. ಅದಕ್ಕೆ ಎಂದೂ ನೀರು ಸೋಕಬಾರದು. ಮೇಲೆ ಕೂರುವ ಪಾಡ್ ಅಥವಾ ಟ್ಯಾಂಕ್‌ನಲ್ಲಿ ಲಿಕ್ವಿಡ್ ಇರುತ್ತದೆ. ಅದರೊಳಗೆ ಬೆರಳ ತುದಿಯಷ್ಟು ಚಿಕ್ಕದೊಂದು ಕಾಯಿಲ್, ಅದಕ್ಕೆ ಹೊಂದಿಕೊಂಡ ಹತ್ತಿ. ಹತ್ತಿ ಲಿಕ್ವಿಡ್ ಹೀರುತ್ತದೆ, ಕಾಯಿಲ್ ಕಾದು ಅದನ್ನು ಆವಿ ಮಾಡುತ್ತದೆ. ಎಣ್ಣೆ ತೀರಿದ ದೀಪದಲ್ಲಿ ಬತ್ತಿ ಕರಟುವ ಹಾಗೆ, ಹತ್ತಿ ಒಣಗಿದಾಗ ಕಾಯಿಲ್ ಬಿಸಿಯಾದರೆ ಹತ್ತಿಯೇ ಸುಡುತ್ತದೆ. ಬಾಯಿಗೆ ಸುಟ್ಟ ರುಚಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಇನ್ನೆರಡು ಸಲ ಎಳೆದರೆ ಸರಿಹೋದೀತು ಎನ್ನುವುದು ತಪ್ಪು. ಆ ಹೊಗೆಯಲ್ಲಿ ಗಂಟಲು ಕೆರೆಯುವ ವಿಷದ ಅಂಶಗಳೇ ಹೆಚ್ಚು.

ವಾರಕ್ಕೊಮ್ಮೆ, ಅಥವಾ ಲಿಕ್ವಿಡ್‌ನ ಪರಿಮಳ ಬದಲಿಸುವಾಗಲೆಲ್ಲ, ಟ್ಯಾಂಕ್ ಬಿಚ್ಚಿ ತೊಳೆಯಬೇಕು. ಕೈಗೆ ಗ್ಲೌಸ್ ಇರಲಿ. ಉಳಿದ ಲಿಕ್ವಿಡನ್ನು ಸಿಂಕಿಗೆ ಸುರಿಯದೆ ಟಿಶ್ಯೂಗೆ ಹೀರಿಸಿ, ಮಗುವಿಗೆ ಎಟುಕದ ಮುಚ್ಚಿದ ಚೀಲದಲ್ಲಿ ಹಾಕಲಿ. ಕಾಯಿಲ್ ತೆಗೆದಿಟ್ಟು ಗಾಜು, ಬಾಯಿಗಿಡುವ ತುದಿ, ಮುಚ್ಚಳ ಇಷ್ಟನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಪಾತ್ರೆ ಸೋಪು ಹಾಕಿ ತೊಳೆದು, ಸೋಪು ಪೂರ್ತಿ ಹೋಗುವಂತೆ ಜಾಲಿಸಬೇಕು. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ರಬ್ಬರ್ ಉಂಗುರಗಳು ಸಡಿಲಾಗುತ್ತವೆ. ಆಮೇಲೆ ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಆರಲು ಬಿಡುವುದೇ ಒಳ್ಳೆಯದು. ಇಷ್ಟಕ್ಕೂ ಅಡುಗೆಮನೆ ಸಿಂಕ್ ಬೇಡ. ಬಚ್ಚಲುಮನೆಯಲ್ಲಿ, ಇದಕ್ಕೆಂದೇ ಇಟ್ಟ ಒಂದು ಡಬ್ಬಿಯಲ್ಲಿ ಆಗಲಿ. ಮೊಮ್ಮಗಳ ಹಾಲಿನ ಲೋಟ ತೊಳೆಯುವ ಜಾಗವನ್ನು ನಿಮ್ಮಮ್ಮ ಬಂದಾಗ ಚೊಕ್ಕಟವಾಗಿ ನೋಡಲಿ.

ಸೋರುವುದಕ್ಕೆ ಕಾರಣ ಸಾಮಾನ್ಯವಾಗಿ ಆ ರಬ್ಬರ್ ಉಂಗುರಗಳೇ. ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದರೆ ಸೀಳು ಸಿಗುತ್ತದೆ. ಕೆಲವು ಸಲ ಕಾಯಿಲ್ ಓರೆಯಾಗಿ ಕೂತಿರುತ್ತದೆ, ಇಲ್ಲವೇ ಲಿಕ್ವಿಡನ್ನು ಕಂಠಪೂರ್ತಿ ತುಂಬಿರುತ್ತಾರೆ. ಮೇಲೆ ಸ್ವಲ್ಪ ಗಾಳಿ ಉಳಿಯುವಷ್ಟು ಜಾಗ ಬೇಕು. ಎಳೆಯುವಾಗ ಗುಳಗುಳ ಸದ್ದು ಬಂದರೆ ಕಾಯಿಲ್‌ನಲ್ಲಿ ಲಿಕ್ವಿಡ್ ತುಂಬಿಕೊಂಡಿದೆ ಎಂದರ್ಥ. ಪಾಡ್ ತೆಗೆದು ಟಿಶ್ಯೂ ಮೇಲೆ ಕೊಡವಿದರೆ ಸಾಕು. ಬ್ಯಾಟರಿಯ ಮೇಲೆ ಚಿನ್ನದ ಬಣ್ಣದ ಪುಟ್ಟ ಚುಕ್ಕಿಗಳಿರುತ್ತವಲ್ಲ, ಅಲ್ಲಿ ಅಂಟು ಕೂತರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಒಣ ಇಯರ್ ಬಡ್‌ನಿಂದ ದಿನಾ ಒರೆಸುವುದು ಒಂದು ನಿಮಿಷದ ಕೆಲಸ.

ಕಾಯಿಲನ್ನು ತೊಳೆದು ಮತ್ತೆ ಬಳಸುವ ಉಳಿತಾಯ ಬೇಡ. ಒಂದರಿಂದ ಎರಡು ವಾರ ಅದರ ಆಯುಸ್ಸು, ಸಿಹಿ ಪರಿಮಳದ ಲಿಕ್ವಿಡ್ ಆದರೆ ಇನ್ನೂ ಬೇಗ ಕರಿ ಕಟ್ಟುತ್ತದೆ. ಹೊಸದನ್ನು ಹಾಕಿದ ಮೇಲೆ ಲಿಕ್ವಿಡ್ ತುಂಬಿಸಿ ಹತ್ತು ನಿಮಿಷ ಹಾಗೇ ಬಿಡಬೇಕು, ಹತ್ತಿ ಪೂರ್ತಿ ನೆನೆಯಲಿ. ಹಳೆಯ ಕಾಯಿಲ್, ಪಾಡ್, ಬ್ಯಾಟರಿಗಳು ಮನೆಯ ಕಸದ ಬುಟ್ಟಿಗೆ ಹೋಗಬಾರದು. ಬ್ರಿಟನ್ನಿನಲ್ಲಿ ವೇಪ್ ಮಾರುವ ಅಂಗಡಿಗಳು ಹಳೆಯದನ್ನು ವಾಪಸ್ ಪಡೆಯಲೇಬೇಕು. ಚಾರ್ಜಿಗೆ ಅದರದೇ ಕೇಬಲ್ ಬಳಸಲಿ, ಹಾಸಿಗೆಯ ಮೇಲೆ ಹಾಕಿ ಮಲಗುವುದು ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ಭಯವಾದದ್ದು ಮಗಳ ವಿಷಯದಲ್ಲಿ. ಬ್ರಿಟನ್ನಿನ ಕಾನೂನು ಒಂದು ಮಿಲಿಲೀಟರ್ ಲಿಕ್ವಿಡ್‌ನಲ್ಲಿ 20 ಮಿಲಿಗ್ರಾಂವರೆಗೆ ನಿಕೋಟಿನ್ ಇರಲು ಬಿಡುತ್ತದೆ, ಬಾಟಲಿ 10 ಮಿಲಿಲೀಟರ್ ಮೀರಬಾರದು. ಅಂದರೆ ಒಂದು ಪುಟ್ಟ ಬಾಟಲಿಯಲ್ಲಿ 200 ಮಿಲಿಗ್ರಾಂ. ಮಾವಿನ ಹಣ್ಣಿನ, ಸ್ಟ್ರಾಬೆರಿಯ ವಾಸನೆ ಬರುವ ಆ ಬಾಟಲಿ ಎರಡೂವರೆ ವರ್ಷದ ಕೂಸಿಗೆ ಸಿಹಿ ಔಷಧಿಯಂತೆ ಕಾಣುತ್ತದೆ. ಒಂದೆರಡು ಗುಟುಕು ಒಳಗೆ ಹೋದರೂ ಪ್ರಾಣಕ್ಕೆ ಅಪಾಯ. ಮಕ್ಕಳು ತೆರೆಯಲಾಗದ ಮುಚ್ಚಳ ಇದ್ದೇ ಇರುತ್ತದೆ, ಆದರೆ ದೊಡ್ಡವರು ಅದನ್ನು ಅರ್ಧ ತಿರುಗಿಸಿ ಬಿಟ್ಟಿದ್ದರೆ ಏನು ಪ್ರಯೋಜನ? ಬಾಟಲಿ, ತುಂಬಿದ ಪಾಡ್, ಒರೆಸಿದ ಟಿಶ್ಯೂ ಎಲ್ಲವೂ ಎತ್ತರದ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ಜಾಕೆಟ್ ಜೇಬು, ಹ್ಯಾಂಡ್‌ಬ್ಯಾಗು, ಕಾರಿನ ಡ್ಯಾಶ್‌ಬೋರ್ಡು ಸುರಕ್ಷಿತ ಜಾಗಗಳಲ್ಲ. ಮಗು ವಾಂತಿ ಮಾಡಿದರೆ, ಜೊಲ್ಲು ಸುರಿಸಿದರೆ, ಬಿಳಚಿಕೊಂಡು ಬೆವರಿದರೆ ಕಾಯಬೇಡಿ, 999ಕ್ಕೆ ಕರೆ ಮಾಡಿ. ಲಕ್ಷಣವಿಲ್ಲದಿದ್ದರೂ ನುಂಗಿರುವ ಅನುಮಾನ ಬಂದರೆ ಕೂಡಲೇ 111. ನೀವಾಗಿ ವಾಂತಿ ಮಾಡಿಸಲು ಹೋಗಬೇಡಿ.

ಇನ್ನು ನಿಮ್ಮವರ ವಿಷಯ. ಸಿಗರೇಟ್ ಬಿಟ್ಟದ್ದು ದೊಡ್ಡ ಕೆಲಸ. ಅದನ್ನು ಮನಸಾರೆ ಹೇಳಿ, ಅಲ್ಲಿಂದಲೇ ಮಾತು ಶುರು ಮಾಡಿ. ವೇಪ್ ಸಿಗರೇಟಿಗಿಂತ ಕಡಿಮೆ ಹಾನಿಕರ ಎಂದು ಬ್ರಿಟನ್ನಿನ ಎನ್‌ಎಚ್‌ಎಸ್ ಹೇಳುತ್ತದೆ, ಹಾನಿಯೇ ಇಲ್ಲ ಎಂದು ಎಲ್ಲೂ ಹೇಳಿಲ್ಲ. ಸಿಗರೇಟ್ ಬಿಡಲು ಅದೊಂದು ದಾರಿ, ಅಲ್ಲೇ ಮನೆ ಮಾಡಿಕೊಳ್ಳಲು ಅಲ್ಲ. ನೀವು ಹೆದರುವುದರಲ್ಲೂ ಅರ್ಥವಿದೆ, ಒಮ್ಮೆಲೇ ಕಸಿದುಕೊಂಡರೆ ಕೆಲವರು ಹಿಂದಕ್ಕೆ ಹೋಗುತ್ತಾರೆ. ಹಾಗಾಗಿ 20 ಇದ್ದ ನಿಕೋಟಿನ್ ಪ್ರಮಾಣವನ್ನು 10ಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಇಳಿಸುತ್ತ, ಎರಡು ಸಲದ ನಡುವಿನ ಅಂತರ ಹೆಚ್ಚಿಸುತ್ತ ಹೋಗಲಿ. ಮನೆಯೊಳಗೆ, ಕಾರಿನೊಳಗೆ ವೇಪ್ ಇಲ್ಲ ಎಂಬ ನಿಯಮ ಈ ವಾರವೇ ಬರಲಿ. ನಿಮ್ಮ ಭಾಗದ ಉಚಿತ ಸ್ಟಾಪ್ ಸ್ಮೋಕಿಂಗ್ ಸೇವೆಯವರು ಸಿಗರೇಟಿಗೆ ಮರಳದ ಹಾಗೆ ಜೊತೆಗಿದ್ದು ಸಹಾಯ ಮಾಡುತ್ತಾರೆ. ತೊಳೆದಿಡುವ ಕೆಲಸ ನಿಮ್ಮ ಯಜಮಾನರ ಪಾಲಿಗೆ ಬಂದರೆ ಅದೂ ನೆರವಾದೀತು. ತಿಂಗಳಿಗೆ ಎಷ್ಟು ಕಾಯಿಲ್, ಎಷ್ಟು ಬಾಟಲಿ ಎಂಬ ಲೆಕ್ಕ ಈಗ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಅಮ್ಮನ ಕಣ್ಣು ತಪ್ಪಿಸುವ ಹೊಣೆ ನೀವು ಹೊರಬೇಡಿ. ಬಚ್ಚಿಟ್ಟ ವಸ್ತು ಮಗುವಿನ ಕೈಗೇ ಮೊದಲು ಸಿಗುತ್ತದೆ. ಅಳಿಯನೇ ಅತ್ತೆಗೆ ಫೋನಿನಲ್ಲಿ ಒಂದು ಮಾತು ಹೇಳಿಬಿಡಲಿ, ಸಿಗರೇಟ್ ಬಿಟ್ಟೆ, ಇದನ್ನೂ ಬಿಡುವ ಪ್ರಯತ್ನದಲ್ಲಿದ್ದೇನೆ ಅಂತ. ನಿಮ್ಮಮ್ಮ ಒಂದು ದಿನ ಬೇಜಾರು ಮಾಡಿಕೊಳ್ಳಬಹುದು, ಅಷ್ಟೇ.

ಮಗುವನ್ನು ಕರೆದುಕೊಂಡು ಊರಿಗೆ ಬರುವಾಗ ವೇಪ್ ಅಲ್ಲೇ ಇರಲಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯಲ್ಲಿ ಆಮದು, ಮಾರಾಟ, ದಾಸ್ತಾನು ಎಲ್ಲವೂ ಅಪರಾಧ. ಆಮದಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಪ್ರಯಾಣಕ್ಕೆ ನಿಕೋಟಿನ್ ಪ್ಯಾಚ್ ಅಥವಾ ಗಮ್ ಸಾಕಾಗುತ್ತದೆಯೇ ಎಂದು ಅವರು ಫಾರ್ಮಸಿಯಲ್ಲಿ ಮೊದಲೇ ಕೇಳಿಕೊಳ್ಳಲಿ. ಇಲ್ಲಿ ಕಷ್ಟವಾದರೆ, ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕರೆ ಮಾಡಬಹುದು, ಶುಲ್ಕವಿಲ್ಲ.

ಇವತ್ತು ಸಂಜೆ ಅವರು ಮನೆಗೆ ಬಂದ ಕೂಡಲೇ ಆ ಬಾಟಲಿಗಳನ್ನು ಅವರ ಕೈಯಿಂದಲೇ ಬೀಗದ ಕಪಾಟಿಗೆ ಇಡಿಸಿ. ಉಳಿದ ಮಾತು ಊಟ ಮುಗಿಸಿ ನಿಧಾನವಾಗಿ ಆಡಿ.