ಘಟ್ಟದ ರಸ್ತೆಯಲ್ಲಿ ಹರಿಯುವ ಡಾಂಬರು

ಉದಕಮಂಡಲದಿಂದ ಕಲ್ಹಟ್ಟಿಯ ಮೇಲೆ ಮಸಿನಗುಡಿಗೆ ಇಳಿಯುವ ರಸ್ತೆಯಲ್ಲಿ 36 ಕಡಿದಾದ ತಿರುವುಗಳಿವೆ. ಘಟ್ಟದ ತಿರುವುಗಳಲ್ಲಿ ಡಾಂಬರು ಅಲೆ ಅಲೆಯಾಗಿ ಉಬ್ಬಿರುವುದನ್ನೂ, ಬಸ್ಸು ನಿಲ್ಲುವ ಕಡೆ ಚಕ್ರದ ಜಾಡು ತಗ್ಗಾಗಿರುವುದನ್ನೂ ವಿದ್ಯಾರ್ಥಿಗಳು ನೋಡಿರಬಹುದು. ಕಲ್ಲಿನಂತೆ ಕಾಣುವ ರಸ್ತೆ ಹೀಗೇಕೆ ಸರಿಯುತ್ತದೆ?

ಮೊದಲು ಹೆಸರಿನ ವಿಚಾರ. ಟಾರು ಎಂಬುದು ಕಲ್ಲಿದ್ದಲಿನಿಂದ ಬರುವ ವಸ್ತು. ಈಗ ರಸ್ತೆಗೆ ಹಾಕುವುದು ಬಿಟುಮೆನ್. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಕರಿಯ ಅಂಟು. ಜನರ ಬಾಯಿಗೆ ಒಗ್ಗಿದ ಡಾಂಬರು ಎಂಬ ಮಾತನ್ನೇ ನಾನು ಇಲ್ಲಿ ಬಳಸುತ್ತೇನೆ.

ಕೊರೆಯುವ ಚಳಿಯಲ್ಲಿ ಡಾಂಬರಿನ ಉಂಡೆಗೆ ಸುತ್ತಿಗೆಯಿಂದ ಹೊಡೆದರೆ ಅದು ಒಡೆಯುತ್ತದೆ. ಅದನ್ನೇ ಡಬ್ಬಿಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಮೆಲ್ಲನೆ ಹರಡಿ ಡಬ್ಬಿಯ ಆಕಾರ ತಾಳುತ್ತದೆ. ಥಟ್ಟನೆ ಬಿದ್ದ ಪೆಟ್ಟಿಗೆ ಅದು ಘನವಸ್ತು, ಬಹಳ ಹೊತ್ತಿನ ಭಾರಕ್ಕೆ ದ್ರವ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಥಾಮಸ್ ಪಾರ್ನೆಲ್ 1927ರಲ್ಲಿ ಡಾಂಬರಿನ ಜಾತಿಯ ಪಿಚ್ ಎಂಬ ವಸ್ತುವನ್ನು ಆಲಿಕೆಯಲ್ಲಿ ತುಂಬಿಸಿ, 1930ರಲ್ಲಿ ಅದರ ತುದಿಯನ್ನು ಕತ್ತರಿಸಿದರು. ಮೊದಲ ಹನಿ ಕೆಳಗಿಳಿಯಲು ಎಂಟು ವರ್ಷ ಹಿಡಿಯಿತು! ಒಂಬತ್ತನೆಯದು ಬೇರ್ಪಟ್ಟದ್ದು 2014ರಲ್ಲಿ. ಅದು ನೀರಿಗಿಂತ ಸುಮಾರು 23,000 ಕೋಟಿ ಪಟ್ಟು ಮಂದವಂತೆ.

ರಸ್ತೆಯಲ್ಲಿ ಡಾಂಬರು ಒಂಟಿಯಲ್ಲ. ಕಡಲೆಕಾಯಿ ಚಿಕ್ಕಿಯನ್ನು ನೆನೆಯಿರಿ: ಕಾಳಿನ ಜಾಗದಲ್ಲಿ ಜಲ್ಲಿ, ಬೆಲ್ಲದ ಪಾಕದ ಜಾಗದಲ್ಲಿ ಡಾಂಬರು. ಭಾರವನ್ನು ಹೆಚ್ಚಾಗಿ ಹೊರುವುದು ಒಂದಕ್ಕೊಂದು ಕಚ್ಚಿಕೊಂಡ ಜಲ್ಲಿಯೇ. ಪಾಕ ಹೆಚ್ಚಾದರೆ ಕಲ್ಲುಗಳು ಜಾರುತ್ತವೆ.

ವೇಗವಾಗಿ ಹೋಗುವ ಚಕ್ರ ಒಂದು ಜಾಗವನ್ನು ಅದುಮುವುದು ಕ್ಷಣಮಾತ್ರ. ಅದುಮಿದ್ದರಲ್ಲಿ ಬಹುಪಾಲು ಹಿಂದಕ್ಕೆ ಬರುತ್ತದೆ, ಕೂದಲೆಳೆಗಿಂತ ಕಡಿಮೆ ಉಳಿಯುತ್ತದೆ. ಸಾವಿರಾರು ಚಕ್ರಗಳಿಂದ ಆ ಉಳಿಕೆಯೇ ಕೂಡಿ ತಗ್ಗಾಗುತ್ತದೆ. ಗೂಡಲೂರಿನಿಂದ ನಡುವಟ್ಟಕ್ಕೆ ಮೊದಲನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವ ಲಾರಿ ಅದೇ ಜಾಗದ ಮೇಲೆ ಹೆಚ್ಚು ಹೊತ್ತು ಭಾರ ಹಾಕುತ್ತದೆ. ನಿಂತ ಬಸ್ಸು ಇನ್ನೂ ಹೆಚ್ಚು.

ಇನ್ನೊಂದು ವಿಶೇಷ ಉಂಟು. ಹತ್ತುವ ಲಾರಿಯ ಚಕ್ರ ರಸ್ತೆಯನ್ನು ಹಿಂದಕ್ಕೆ, ಎಂದರೆ ಇಳಿಜಾರಿನತ್ತ ತಳ್ಳುತ್ತದೆ. ಇಳಿಯುವ ಲಾರಿ ಬ್ರೇಕ್ ಹಾಕಿದಾಗ ಮುಂದಕ್ಕೆ, ಅದೂ ಇಳಿಜಾರಿನತ್ತಲೇ! ಹೀಗೆ ಎರಡೂ ದಿಕ್ಕಿನ ವಾಹನಗಳು ಸೇರಿ ಡಾಂಬರನ್ನು ಕೆಳಗೇ ನೂಕುತ್ತವೆ. ತಿರುವಿನ ಅಲೆಗಳಿಗೆ ಇದೊಂದು ಮುಖ್ಯ ಕಾರಣ.

ಇದಕ್ಕೆ ಗಟ್ಟಿ ಡಾಂಬರು ಹಾಕಿದರಾಯಿತಲ್ಲವೇ ಎಂದು ಪೋಷಕರು ಕೇಳಬಹುದು. ಭಾರತೀಯ ಮಾನಕ 73 ಎಂಬ ನಿಯಮದಲ್ಲಿ 2006ರಿಂದ ವಿಜಿ 10, 20, 30, 40 ಎಂಬ ದರ್ಜೆಗಳಿವೆ. ಇವನ್ನು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆಯುತ್ತಾರೆ, ಏಕೆಂದರೆ ಬೇಸಗೆಯ ಕಪ್ಪು ರಸ್ತೆ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಕಿ ಹೆಚ್ಚಿದಷ್ಟೂ ಡಾಂಬರು ಬಿಗಿ. ಆದರೆ ಬಿಗಿಯಾದದ್ದು ಚಳಿಗೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಮಳೆನೀರು ಇಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತದೆ. ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಊಟಿಗೂ ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ತಗ್ಗಿನಲ್ಲಿ ಬಿಸಿಲಿಗೆ ಕಾಯುವ ಮಸಿನಗುಡಿಗೂ ನಡುವೆ ಇರುವುದು ಸುಮಾರು 30 ಕಿಲೋಮೀಟರ್ ರಸ್ತೆ. ಮೇಲಿನ ಚಳಿಗೆ ಒಪ್ಪುವ ಡಾಂಬರು ಕೆಳಗಿನ ಬಿಸಿಲಿಗೆ ಮೆತ್ತಗಾದೀತು. ಕೆಳಗಿನದು ಮೇಲೆ ಸೀಳೀತು.