ಫ್ರಾನ್ಸಿನ ಮಹಾಕ್ರಾಂತಿ: ಉಳಿದುದೇನು?

ಫ್ರಾನ್ಸಿನ ಮಹಾಕ್ರಾಂತಿಯೆಂದೊಡನೆ 1789ರ ಜುಲೈ 14ರಂದು ಜನರ ಕೈವಶವಾದ ಬ್ಯಾಸ್ಟಿಲ್ ಕೋಟೆ, 1793ರಲ್ಲಿ ಶಿರಚ್ಛೇದಕ್ಕೊಳಗಾದ 16ನೆಯ ಲೂಯಿ ದೊರೆ, ಇವೇ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ರಾಜ್ಯವ್ಯವಸ್ಥೆಯಾಗಿ ಆ ಕ್ರಾಂತಿ ಬಾಳಿದ್ದು ಅಲ್ಪಕಾಲ. 1792ರಲ್ಲಿ ಘೋಷಿತವಾದ ಗಣರಾಜ್ಯವು 1804ರಲ್ಲಿ ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಎಡೆಗೊಟ್ಟಿತು. 1814ರಲ್ಲಿ ಗತಿಸಿದ ದೊರೆಯ ತಮ್ಮನೇ 18ನೆಯ ಲೂಯಿಯಾಗಿ ಸಿಂಹಾಸನವೇರಿದನು. ಹಾಗಾದರೆ ಅಷ್ಟು ರಕ್ತ ಹರಿದು ಉಳಿದುದೇನು? ಉತ್ತರವನ್ನು ಅರಮನೆಗಿಂತ ರೈತನ ಹೊಲದಲ್ಲಿ ಹುಡುಕುವುದು ಲೇಸು.

ಕ್ರಾಂತಿಪೂರ್ವದ ರೈತನು ದೊರೆಗೆ ಕಂದಾಯ, ಚರ್ಚಿಗೆ ದಶಾಂಶ, ಊರೊಡೆಯನಿಗೆ ನಾನಾ ಬಗೆಯ ಸಲಿಕೆಗಳನ್ನು ತೆರುತ್ತಿದ್ದನು. ಎಷ್ಟೋ ಕಡೆ ಒಡೆಯನ ಗಿರಣಿಯಲ್ಲಿಯೇ ಧಾನ್ಯ ಬೀಸಿಸಬೇಕಿತ್ತು. ಒಡೆಯನ ಪಾರಿವಾಳಗಳು ಬೆಳೆಯನ್ನು ಮುಕ್ಕಿದರೂ ಕೊಲ್ಲುವಂತಿರಲಿಲ್ಲ. 1789ರ ಆಗಸ್ಟ್ 4ರ ರಾತ್ರಿ ರಾಷ್ಟ್ರಸಭೆಯು ಈ ವಿಶೇಷ ಹಕ್ಕುಗಳನ್ನು ತೊಡೆದುಹಾಕಲು ನಿಶ್ಚಯಿಸಿತು. ಆದರೆ ಅನೇಕ ಸಲಿಕೆಗಳಿಂದ ಬಿಡುಗಡೆ ಹೊಂದಲು ರೈತನೇ ಹಣ ತೆರಬೇಕೆಂದು ಗೊತ್ತುಮಾಡಲಾಯಿತು. ಹಳ್ಳಿಗರು ಇದನ್ನು ಒಪ್ಪಲಿಲ್ಲ. ಕೊನೆಗೆ 1793ರ ಜುಲೈ 17ರ ಕಾನೂನು ಪರಿಹಾರವಿಲ್ಲದೆ ಅವನ್ನು ರದ್ದುಗೊಳಿಸಿತು.

ಚರ್ಚಿನ ಭೂಮಿಯು 1789ರ ನವೆಂಬರಿನಲ್ಲಿ ರಾಷ್ಟ್ರದ ಸ್ವತ್ತಾಗಿ, ಮುಂದೆ ಹರಾಜಾಯಿತು. ಕೊಂಡವರು ಬಹುಮಟ್ಟಿಗೆ ಪಟ್ಟಣದ ಹಣವಂತರು, ಅನುಕೂಲಸ್ಥ ರೈತರು. ಕೂಲಿಯವನ ಪಾಲಿಗೆ ಬಂದದ್ದು ಕಡಮೆ. ಆದರೂ ಕೊಂಡವರ ಹಕ್ಕು ಅಚಲವಾಯಿತು. 1801ರ ಒಪ್ಪಂದದಲ್ಲಿ ಪೋಪರೇ ಅದನ್ನು ಪ್ರಶ್ನಿಸುವುದಿಲ್ಲವೆಂದರು. ಮರಳಿ ಬಂದ ಅರಸನ 1814ರ ಸನ್ನದೂ ಅದನ್ನು ಮನ್ನಿಸಿತು. ದೇಶ ಬಿಟ್ಟೋಡಿದ್ದ ಶ್ರೀಮಂತರಿಗೆ 1825ರಲ್ಲಿ ದೊರೆತದ್ದು ಹಣದ ಪರಿಹಾರವೇ ಹೊರತು ಮಾರಾಟವಾಗಿದ್ದ ಭೂಮಿಯಲ್ಲ.

ಹೊಲದಿಂದ ಮನೆಯೊಳಕ್ಕೆ ಬಂದರೆ ದಾಯಭಾಗದ ಮಾರ್ಪಾಟು ಕಾಣುತ್ತದೆ. ಜ್ಯೇಷ್ಠಪುತ್ರನ ವಿಶೇಷಾಧಿಕಾರ ಅಳಿಯಿತು. 1804ರ ನಾಗರಿಕ ಸಂಹಿತೆಯ ಪ್ರಕಾರ ಗಂಡುಹೆಣ್ಣುಮಕ್ಕಳೆಲ್ಲರೂ ಸಮಪಾಲುದಾರರು. ಮೂರು ಅಥವಾ ಹೆಚ್ಚು ಮಕ್ಕಳುಳ್ಳ ತಂದೆ ಇಚ್ಛೆ ಬಂದವರಿಗೆ ಕೊಡಬಹುದಾದದ್ದು ಆಸ್ತಿಯ ಕಾಲುಭಾಗ ಮಾತ್ರ. ಇದರಿಂದ ಹಿಡುವಳಿಗಳು ಒಡೆದವು, ಮಕ್ಕಳನ್ನು ಹೆರುವುದೂ ಇಳಿಯಿತೆಂದು ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಲ ಪ್ಲೇ ದೂರಿದನು. ಈ ಆಕ್ಷೇಪವು ಪೂರ್ತಿ ನಿಲ್ಲದು: ಜನನಪ್ರಮಾಣದ ಇಳಿತವು ಕೆಲವೆಡೆ ಕ್ರಾಂತಿಗೂ ಮೊದಲೇ ತೊಡಗಿತ್ತು.

1792ರ ಸೆಪ್ಟೆಂಬರ್ 20ರಂದು ಜನನ, ವಿವಾಹ, ಮರಣಗಳ ದಾಖಲೆ ಪಾದ್ರಿಯ ಕೈಯಿಂದ ಪುರಸಭೆಗೆ ಬಂದಿತು. ಇಂದಿಗೂ ಅಲ್ಲಿ ಪುರಭವನದಲ್ಲಿ ಮದುವೆಯಾದ ಮೇಲೆಯೇ ಚರ್ಚಿನ ವಿಧಿ. (ಪಾವು ಸೇರುಗಳನ್ನು ಬಿಟ್ಟು ನಾವು 1956ರ ಶಾಸನದಿಂದ ಕೈಗೊಂಡ ಮೀಟರು, ಗ್ರಾಮುಗಳೂ 1795ರ ಫ್ರೆಂಚ್ ಕಾನೂನಿನ ಮಕ್ಕಳೇ.)

ಸಮಾನತೆಯ ಘೋಷಣೆ ಎಲ್ಲರನ್ನೂ ಮುಟ್ಟಲಿಲ್ಲವೆಂಬುದನ್ನು ಮರೆಯಲಾಗದು. 1791ರಲ್ಲಿ ಕಾರ್ಮಿಕರು ಸಂಘ ಕಟ್ಟುವುದನ್ನು ನಿಷೇಧಿಸಿದ್ದು ಕ್ರಾಂತಿಯ ಸಭೆಯೇ. ಕಾರ್ಮಿಕ ಸಂಘಗಳಿಗೆ ಮಾನ್ಯತೆ ಬಂದದ್ದು 1884ರಲ್ಲಿ. ತಂದೆಯ ಆಸ್ತಿಯಲ್ಲಿ ಸಮಪಾಲು ಪಡೆದ ಮಗಳು ಮದುವೆಯಾದೊಡನೆ, ಅದೇ ಸಂಹಿತೆಯ ಪ್ರಕಾರ, ಗಂಡನ ಅಧೀನಳು. ಆಕೆಗೆ ಮತದಾನದ ಹಕ್ಕು 1944ರಲ್ಲಿ ದೊರೆಯಿತು. ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗ ಹಿಡಿಯುವ, ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಕ್ಕನ್ನು ಕಾನೂನು ಸ್ಪಷ್ಟಪಡಿಸಿದ್ದು 1965ರಲ್ಲಿ.