ಸೆಪ್ಟಿಕ್ ಟ್ಯಾಂಕಿನೊಳಗೆ ಏನು ನಡೆಯುವುದು?

ಬೇಸಿಗೆಯ ರಜೆ ಬಂದೊಡನೆ ನಮ್ಮ ಶಾಲೆಯ ಬಾಲಕ ಬಾಲಕಿಯರಲ್ಲಿ ಹಲವರು ಮುಂಬಯಿಯನ್ನು ಬಿಟ್ಟು ಉಡುಪಿ, ಮಂಗಳೂರುಗಳ ಕಡೆಯ ತಮ್ಮ ಊರಮನೆಗಳಿಗೆ ತೆರಳುವರು. ಇಲ್ಲಿ ಬಹಳಷ್ಟು ಕಟ್ಟಡಗಳ ಪಾಯಿಖಾನೆಯ ನೀರು ರಸ್ತೆಯಡಿಯ ಒಳಚರಂಡಿಯನ್ನು ಸೇರಿ ಕಣ್ಮರೆಯಾಗುವುದರಿಂದ ಅದರ ಮುಂದಿನ ಗತಿಯನ್ನು ನಾವು ವಿಚಾರಿಸುವುದೇ ಇಲ್ಲ. ಊರಮನೆಯಲ್ಲಿ ಅದು ನಮ್ಮ ಹಿತ್ತಲಲ್ಲಿಯೇ ಉಳಿಯುವುದು. ಕುಡಿಯುವ ನೀರಿನ ಬಾವಿಯೂ ಅಲ್ಲಿಯೇ ಇರುವುದು. ಆದುದರಿಂದ ಮೂಗು ಮುಚ್ಚಿಕೊಳ್ಳದೆ ಈ ವಿಷಯವನ್ನು ತುಸು ವಿಚಾರಿಸೋಣ.

ಒಂದು ಗಾಜಿನ ಬಾಟಲಿಗೆ ನೀರು, ಒಂದು ಹಿಡಿ ಮಣ್ಣು, ಒಂದು ಚಮಚ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿರಿ. ಮಣ್ಣು ತಳಕ್ಕಿಳಿಯುವುದು, ಎಣ್ಣೆ ಮೇಲೆ ನಿಲ್ಲುವುದು, ನಡುವೆ ಮಬ್ಬು ನೀರು ಉಳಿಯುವುದು. ಸೆಪ್ಟಿಕ್ ಟ್ಯಾಂಕು ನೆಲದಡಿಯ ಇಂಥದೇ ಒಂದು ಪಾತ್ರೆ. ಒಂದು ದಿನವಾದರೂ ನೀರು ಅಲ್ಲಿ ಅಲುಗದೆ ನಿಲ್ಲಬೇಕು. ತಳದ ಹೂಳನ್ನು ಗಾಳಿಯಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ನಿಧಾನವಾಗಿ ಕೊಳೆಯಿಸಿ ಕುಗ್ಗಿಸುವುವು. ಫ್ರಾನ್ಸಿನ ಮೂರಾ ಎಂಬವನು ಇಂಥ ತೊಟ್ಟಿಗೆ 1881ರಲ್ಲಿ ಹಕ್ಕುಪತ್ರ ಪಡೆದನು. ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರಾನನು 1895ರ ಸುಮಾರಿಗೆ ಅದಕ್ಕೆ ‘ಸೆಪ್ಟಿಕ್’ ಎಂಬ ಹೆಸರನ್ನು ರೂಢಿಗೆ ತಂದನು. ಗ್ರೀಕ್ ಮೂಲದ ಆ ಮಾತಿಗೆ ಕೊಳೆಯಿಸುವುದೆಂದೇ ಅರ್ಥ.

ಆದರೆ ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಾಯಿತೆಂದು ತಿಳಿಯುವುದು ದೊಡ್ಡ ತಪ್ಪು. ರೋಗಾಣುಗಳು ಅದರಲ್ಲಿ ಹೇರಳವಾಗಿ ಉಳಿದಿರುತ್ತವೆ. ಇಂಗುಗುಂಡಿಯ ಸುತ್ತಲ ಮಣ್ಣೇ ಅವನ್ನು ತಡೆಯಬೇಕು. ಕರಾವಳಿಯ ಮುರಕಲ್ಲಿನಲ್ಲಿಯಾದರೋ ಸಣ್ಣ ದೊಡ್ಡ ರಂಧ್ರಗಳಿದ್ದು ನೀರು ಬೇಗನೆ ಸಾಗಿಬಿಡುವುದು. ಮಳೆಗಾಲದಲ್ಲಿ ಅಂತರ್ಜಲವೂ ಮೇಲಕ್ಕೆ ಬರುವುದು. ಗುಂಡಿಗೂ ಬಾವಿಗೂ ಕಡಿಮೆಯೆಂದರೆ 18 ಮೀಟರ್, ಅಂದರೆ ಸುಮಾರು 60 ಅಡಿ, ಅಂತರವಿರಬೇಕೆಂದು ಭಾರತೀಯ ಮಾನಕದಲ್ಲಿ ಹೇಳಿದೆ. ಇಂಥ ಕಲ್ಲಿನ ನೆಲದಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಮೇಲು. ಬಾವಿಯ ನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯತಕ್ಕದ್ದು.

ಮಳೆಯ ನೀರನ್ನು ಟ್ಯಾಂಕಿಗೆ ಬಿಡಬಾರದು. ನೀರಿನ ರಭಸಕ್ಕೆ ಹೂಳು ಕದಡಿ ಇಂಗುಗುಂಡಿಗೆ ಹೋಗಿ ಅದನ್ನು ಮುಚ್ಚಿಬಿಡುವುದು. ಬಟ್ಟೆಯ ಚೂರು, ಪ್ಲಾಸ್ಟಿಕ್, ಅಡುಗೆಯ ಜಿಡ್ಡು ಇವೂ ಬೇಡ. ಫಿನಾಯಿಲು, ಆಸಿಡ್ಡುಗಳನ್ನು ಧಾರಾಳವಾಗಿ ಸುರಿದರೆ ಕೆಲಸಮಾಡುವ ಜೀವಿಗಳೇ ಸಾಯುವುವು. ಬಚ್ಚಲ ನೀರನ್ನು ತೆಂಗಿನ ಬುಡಕ್ಕೆ ಬಿಡುತ್ತಿದ್ದ ಹಿರಿಯರ ಪದ್ಧತಿ ಈ ದೃಷ್ಟಿಯಿಂದಲೂ ಒಳ್ಳೆಯದೇ. ಎರಡು ಮೂರು ವರ್ಷಗಳಿಗೊಮ್ಮೆ ಹೂಳನ್ನು ತೆಗೆಸಬೇಕು.

ಹೀಗೆ ತೆಗೆಸುವಾಗಲೇ ಅನಾಹುತ. ಒಮ್ಮೆ ನಾವು ನೆಂಟರ ಮನೆಗೆ ಹೋಗಿದ್ದಾಗ ಟ್ಯಾಂಕು ಉಕ್ಕಿತು. ಮುಚ್ಚಳ ಎಲ್ಲಿದೆಯೆಂಬುದೇ ಯಾರಿಗೂ ನೆನಪಿರಲಿಲ್ಲ; ಅದರ ಮೇಲೆ ಹೆಂಚುಕಲ್ಲು ಹಾಸಿಬಿಟ್ಟಿದ್ದರು. ಅಂತೂ ಒಡೆದು ತೆಗೆದ ಮೇಲೆ, ಕೆಲಸಕ್ಕೆ ಬಂದವನೊಬ್ಬನು ಬಕೆಟ್ಟು ಹಿಡಿದು ಒಳಗಿಳಿಯಲು ಸಿದ್ಧನಾದನು. ಮನೆಯ ಅಜ್ಜಿ ಅವನ ಕೈಹಿಡಿದು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ! ನಾವಾದರೋ ಓದುಬರಹ ಬಲ್ಲವರು, ಸುಮ್ಮನೆ ನೋಡುತ್ತ ನಿಂತಿದ್ದೆವು.

ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುವುದು. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯೇ ಕುಂದಿ ನಾತ ನಿಂತಂತೆ ತೋರುವುದು. ಗಾಳಿಗಿಂತ ಭಾರವಾದುದರಿಂದ ಅದು ತಗ್ಗಿನಲ್ಲಿ ಉಳಿಯುವುದು. ಇಳಿದವನು ಕ್ಷಣದಲ್ಲಿ ಬೀಳುವನು, ಎತ್ತಲು ಹೋದವನೂ ಬೀಳುವನು. ಮೀಥೇನ್ ಅನಿಲವೂ ಇರುವುದರಿಂದ ಮುಚ್ಚಳದ ಬಳಿ ಬೆಂಕಿಕಡ್ಡಿ ಗೀರಕೂಡದು. ರಕ್ಷಣೆಯ ಸಲಕರಣೆಗಳಿಲ್ಲದೆ ಇಂಥ ಕೆಲಸಕ್ಕೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ಆದರೂ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಆ ದಿನ ಸಂಜೆ ಹೀರುಯಂತ್ರದ ಲಾರಿ ಬಂದು, ಮೇಲಿನಿಂದಲೇ ಕೊಳವೆಯಿಳಿಸಿ ಕೆಲಸ ಮುಗಿಸಿತು. ಹೂಳನ್ನು ಎಲ್ಲಿ ಸುರಿಯುವಿರೆಂದು ಅಜ್ಜಿ ಚಾಲಕನನ್ನು ಕೇಳಿದರು. ಹೊಳೆಗೋ ಗದ್ದೆಗೋ ಚೆಲ್ಲಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದಂಥ ಹೂಳು ಸಂಸ್ಕರಣ ಘಟಕಕ್ಕೆ ಅದು ಹೋಗಬೇಕು. ಮರುದಿನ ನಾವು ಮುಚ್ಚಳದ ಜಾಗವನ್ನೂ ಬಾವಿಯಿಂದ ಅದಕ್ಕಿರುವ ದೂರವನ್ನೂ ಅಳೆದು, ನಕ್ಷೆ ಬರೆದು, ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಇಟ್ಟುಬಂದೆವು.